ತೋಟದ ಪಾಲೋ, ರೈತರ ಸಂತೆಯೋ: ಮುಂಗಡ ಕೊಡುವ ಮೊದಲು ತಿಳಿದಿರಬೇಕಾದದ್ದು

ಪ್ರಶ್ನೆ: ನಾವು ಮನೆಯಲ್ಲಿ ಮೂವರು. ಇನ್ನು ಮುಂದೆ ತರಕಾರಿಯನ್ನು ಬೆಳೆದವರಿಂದಲೇ ನೇರವಾಗಿ ಕೊಳ್ಳಬೇಕೆಂದುಕೊಂಡಿದ್ದೇವೆ. ಹಂಗಾಮಿನ ಆರಂಭದಲ್ಲೇ ಹಣ ಕೊಟ್ಟು ತೋಟವೊಂದರ ಪಾಲುದಾರರಾಗಿ, ವಾರಕ್ಕೊಂದು ಬುಟ್ಟಿ ಪಡೆಯಿರಿ ಎಂದು ಕೆಲವರು ಹೇಳುತ್ತಾರೆ. ರೈತರ ಸಂತೆಗೆ ಹೋಗಿ ಬೇಕಾದದ್ದನ್ನು ಆರಿಸಿಕೊಳ್ಳುವುದೇ ಮೇಲು ಎಂದು ಇನ್ನು ಕೆಲವರು ಹೇಳುತ್ತಾರೆ. ಬೆಳೆ ಕೈಕೊಟ್ಟರೆ ನಮ್ಮ ಮುಂಗಡದ ಗತಿಯೇನು? ಸಂತೆಯಲ್ಲಿ ಮಾರುವವರು ನಿಜವಾಗಿ ಬೆಳೆದವರೇ ಎಂದು ತಿಳಿಯುವುದು ಹೇಗೆ? ಹತ್ತಿರದಲ್ಲಿ ಬೆಳೆದದ್ದು ಆರೋಗ್ಯಕ್ಕೂ ಪರಿಸರಕ್ಕೂ ಒಳ್ಳೆಯದೆಂಬ ಮಾತು ಎಷ್ಟರಮಟ್ಟಿಗೆ ನಿಜ?

ಉತ್ತರ: ಇವೆರಡನ್ನೂ ಒಂದೇ ಬಗೆಯ ಖರೀದಿಯ ಎರಡು ದಾರಿಗಳೆಂದು ನೋಡಿದರೆ ಆಯ್ಕೆ ತಪ್ಪುವ ಸಂಭವ ಹೆಚ್ಚು. ಸಂತೆಯಲ್ಲಿ ನೀವು ಕೊಳ್ಳುವುದು ಈಗಾಗಲೇ ಕೊಯ್ದು ತಂದಿಟ್ಟ ಬೆಳೆಯನ್ನು. ಅದರ ಗುಣ ಕಣ್ಣ ಮುಂದಿರುತ್ತದೆ, ಬೆಲೆ ಗೊತ್ತಿರುತ್ತದೆ, ಬೇಡವೆನಿಸಿದರೆ ಮುಂದಿನ ಅಂಗಡಿಗೆ ಹೋಗಬಹುದು. ತೋಟದ ಪಾಲಿನಲ್ಲಿ ನೀವು ಹಣ ಕೊಡುವ ಹೊತ್ತಿಗೆ ಬೆಳೆ ಇನ್ನೂ ಬಿತ್ತಿರುವುದೇ ಇಲ್ಲ. ಅಲ್ಲಿ ಕೈಬದಲಾಗುವುದು ತರಕಾರಿಯಷ್ಟೇ ಅಲ್ಲ, ಆ ಹಂಗಾಮಿನ ಅನಿಶ್ಚಿತತೆಯ ಒಂದು ಭಾಗವೂ ಹೌದು. ಆದ್ದರಿಂದ ನನ್ನ ಸಲಹೆ ಇಷ್ಟು: ಮೊದಲ ಹಂಗಾಮನ್ನು ಸಂತೆಯಲ್ಲಿ ಕಳೆಯಿರಿ, ನಿಮ್ಮ ಅಡುಗೆಮನೆಯ ನಿಜವಾದ ಅಳತೆಯನ್ನೂ ಬೆಳೆಗಾರರನ್ನೂ ತಿಳಿದುಕೊಳ್ಳಿ, ಆಮೇಲೆ ಷರತ್ತುಗಳನ್ನು ಬಿಚ್ಚಿ ಹೇಳುವ ತೋಟವೊಂದರಲ್ಲಿ ಅರ್ಧ ಪಾಲು ತೆಗೆದುಕೊಳ್ಳಿ. ಇದಕ್ಕೆ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ.

ತೋಟದ ಖರ್ಚಿನ ಬಹುಪಾಲು ಆದಾಯಕ್ಕಿಂತ ತಿಂಗಳುಗಟ್ಟಲೆ ಮುಂಚೆ ಬರುತ್ತದೆ. ಬೀಜ, ಗೊಬ್ಬರ, ಸಸಿಮಡಿ, ನೀರಾವರಿಯ ದುರಸ್ತಿ, ಕೂಲಿ, ಇವೆಲ್ಲಕ್ಕೂ ಬಿತ್ತನೆಯ ವೇಳೆಗೇ ಹಣ ಬೇಕು. ಮಾರಾಟದ ಹಣ ಕೈಗೆ ಬರುವುದು ಕೊಯ್ಲಿನ ನಂತರ. ಈ ನಡುವಿನ ಅವಧಿಯನ್ನು ಬೆಳೆಗಾರರು ಸಾಮಾನ್ಯವಾಗಿ ಸಾಲದಿಂದ ತುಂಬಿಸುತ್ತಾರೆ. ಕೊಯ್ಲಿನ ಹೊತ್ತಿಗೆ ಎಲ್ಲರ ಬೆಳೆಯೂ ಒಟ್ಟಿಗೆ ಸಗಟು ಮಾರುಕಟ್ಟೆಗೆ ಬಂದು ದರ ಕುಸಿದಾಗ, ಬಡ್ಡಿಯ ಒತ್ತಡದಲ್ಲಿರುವವರಿಗೆ ಸಿಕ್ಕ ಬೆಲೆಗೆ ಕೊಡುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಪಾಲುದಾರರ ಮುಂಗಡ ಈ ಎರಡು ತೊಡಕುಗಳನ್ನೂ ಒಮ್ಮೆಗೇ ಬಿಡಿಸುತ್ತದೆ: ಸಾಲದ ಅಗತ್ಯ ಕಡಿಮೆಯಾಗುತ್ತದೆ, ಎಷ್ಟು ಮನೆಗಳಿಗೆ ಎಷ್ಟು ಬೆಳೆಯಬೇಕೆಂಬುದು ಬಿತ್ತುವ ಮೊದಲೇ ಗೊತ್ತಾಗುತ್ತದೆ. ಸಮುದಾಯ ಬೆಂಬಲಿತ ಕೃಷಿ ಎಂದು ಕರೆಯುವ ಈ ಪದ್ಧತಿಯ ತಿರುಳು ಇದೇ. ವಾರದ ಬುಟ್ಟಿ ಅದರ ಕಣ್ಣಿಗೆ ಕಾಣುವ ಭಾಗ ಮಾತ್ರ.

ಪದ್ಧತಿ ಹುಟ್ಟಿದ ಬಗೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಜಪಾನಿನಲ್ಲಿ 1971ರಲ್ಲಿ ಸಾವಯವ ಕೃಷಿ ಸಂಘ ಸ್ಥಾಪನೆಯಾದ ಬಳಿಕ, ಕೀಟನಾಶಕಗಳ ಬಗ್ಗೆ ಕಳವಳಗೊಂಡ ಗ್ರಾಹಕರ ಗುಂಪುಗಳು ಬೆಳೆಗಾರರೊಂದಿಗೆ ನೇರ ಒಪ್ಪಂದ ಮಾಡಿಕೊಳ್ಳತೊಡಗಿದವು. ತೇಯ್‌ಕೇಯ್ ಎಂಬ ಹೆಸರಿನ ಈ ಪದ್ಧತಿಗೆ 1978ರಲ್ಲಿ ಹತ್ತು ಸೂತ್ರಗಳನ್ನು ರೂಪಿಸಲಾಯಿತು. ಅದೇ 1978ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜಿನೀವಾದ ಬಳಿ ಲೆ ಜಾರ್ದಾ ದ ಕೊಕಾನ್ಯ್ ಎಂಬ ಸಹಕಾರಿ ತೋಟ ಆರಂಭವಾಯಿತು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಬೇರೆಬೇರೆಯಾಗಿ ಇದೇ ದಾರಿ ಹಿಡಿದವು: ಮ್ಯಾಸಚೂಸೆಟ್ಸ್‌ನಲ್ಲಿ ರಾಬಿನ್ ವ್ಯಾನ್ ಎನ್ ಅವರ ಇಂಡಿಯನ್ ಲೈನ್ ಫಾರ್ಮ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್ ವಿಲ್ಟನ್ ಸಮುದಾಯ ತೋಟ. ಎರಡಕ್ಕೂ ಯುರೋಪಿನ ಅನುಭವದ ನೆರವಿತ್ತು. ಇವಕ್ಕೂ ಮೊದಲೇ ಅಲಬಾಮಾದ ಟಸ್ಕೀಗಿಯಲ್ಲಿ ಪ್ರಾಧ್ಯಾಪಕರಾಗಿದ್ದ ಬುಕರ್ ಟಿ. ವಾಟ್ಲಿ ಅವರು, ಸಣ್ಣ ಹಿಡುವಳಿಯ ರೈತರು ವಾರ್ಷಿಕ ಶುಲ್ಕ ಕೊಡುವ ಸದಸ್ಯರ ಬಳಗವೊಂದನ್ನು ಕಟ್ಟಿಕೊಳ್ಳಬೇಕೆಂದೂ ಸದಸ್ಯರೇ ಹೊಲಕ್ಕೆ ಬಂದು ಕೊಯ್ದುಕೊಳ್ಳಬೇಕೆಂದೂ ಬೋಧಿಸುತ್ತಿದ್ದರು. ಫ್ರಾನ್ಸಿನಲ್ಲಿ 2001ರಲ್ಲಿ ಆರಂಭವಾದ, ಬೆಳೆಗಾರರೊಂದಿಗೆ ಮುಂಗಡ ಒಪ್ಪಂದ ಮಾಡಿಕೊಳ್ಳುವ ಗ್ರಾಹಕರ ಅಮಾಪ್ ಗುಂಪುಗಳೂ ಇದೇ ಸಾಲಿಗೆ ಸೇರುತ್ತವೆ.

ಇವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಟೆಂಪಲ್ ವಿಲ್ಟನ್‌ನ ಕ್ರಮ. ಅಲ್ಲಿ ಬುಟ್ಟಿಗೆ ಬೆಲೆ ಕಟ್ಟುವುದಿಲ್ಲ. ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಬೆಳೆಗಾರರು ಮುಂದಿನ ವರ್ಷದ ಇಡೀ ಖರ್ಚಿನ ಅಂದಾಜನ್ನು ಮುಂದಿಡುತ್ತಾರೆ. ಪ್ರತಿ ಮನೆಯವರೂ ತಮ್ಮ ಶಕ್ತಿಗೆ ತಕ್ಕಂತೆ ಎಷ್ಟು ಕೊಡಬಲ್ಲೆವೆಂದು ಹೇಳುತ್ತಾರೆ. ಅಂದಾಜಿನ ಮೊತ್ತ ತುಂಬಿದ ಮೇಲೆ ಬೆಳೆಯನ್ನು ಅವರವರ ಅಗತ್ಯಕ್ಕೆ ಅನುಗುಣವಾಗಿ ಒಯ್ಯುತ್ತಾರೆ. ಎಲ್ಲ ತೋಟಗಳೂ ಹೀಗೆ ನಡೆಯಲಾರವು, ನಡೆಯಬೇಕಾಗಿಯೂ ಇಲ್ಲ. ಆದರೆ ಪಾಲಿನ ಹಣ ಹೋಗುವುದು ತರಕಾರಿಯ ತೂಕಕ್ಕಲ್ಲ, ತೋಟವೊಂದು ಒಂದು ವರ್ಷ ಬದುಕುವ ಖರ್ಚಿಗೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಮತ್ತೊಂದು ಕ್ರಮ ನನಗೆ ಗೊತ್ತಿಲ್ಲ.

ಈಗ ನಿಮ್ಮ ಮುಂಗಡದ ಪ್ರಶ್ನೆಗೆ ಬರೋಣ. ಪಾಲು ಕೊಡುವ ತೋಟಗಳು ಸಾಮಾನ್ಯವಾಗಿ ಒಂದೆರಡು ಬೆಳೆಗಳನ್ನಲ್ಲ, ಹತ್ತಾರು ಬೆಳೆಗಳನ್ನು ಹಂತಹಂತವಾಗಿ ಬಿತ್ತುತ್ತವೆ. ಇದಕ್ಕೆ ಬುಟ್ಟಿಯಲ್ಲಿ ವೈವಿಧ್ಯ ಇರಬೇಕೆಂಬುದು ಒಂದು ಕಾರಣ; ಒಂದು ಬೆಳೆ ಹೋದರೆ ಇನ್ನೊಂದು ಉಳಿಯಲಿ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬಿಡುವಿಲ್ಲದ ಮಳೆಯಲ್ಲಿ ಟೊಮೇಟೊಗೆ ಅಂಗಮಾರಿ ತಗುಲಿ ಹದಿನೈದು ದಿನಗಳಲ್ಲಿ ಇಡೀ ಮಡಿ ಕಪ್ಪಾಗಬಹುದು, ಅದೇ ಮಳೆಯಲ್ಲಿ ಎಲೆಕೋಸು ಚೆನ್ನಾಗಿ ಬರಬಹುದು. ಹೀಗಾಗಿ ಬುಟ್ಟಿ ಪೂರ್ತಿ ಬರಿದಾಗುವುದು ಅಪರೂಪ. ನೀವು ಆಸೆಪಟ್ಟದ್ದು ಬಾರದೆ, ಆಸೆಪಡದ್ದು ಎರಡು ಪಟ್ಟು ಬರುವುದು ಸಾಮಾನ್ಯ. ಆಲಿಕಲ್ಲು ಅಥವಾ ಪ್ರವಾಹದಂಥ ವಿಪತ್ತು ಬಂದರೆ ಮಾತ್ರ ಕೆಲವು ವಾರ ಏನೂ ಸಿಗದೆ ಹೋಗಬಹುದು. ನಿಜವಾದ ಪಾಲಿನ ಒಪ್ಪಂದದಲ್ಲಿ ಅಂಥ ನಷ್ಟಕ್ಕೆ ಹಣ ಮರಳುವುದಿಲ್ಲ. ಇದು ಅನ್ಯಾಯವೆಂದು ತೋರಬಹುದು. ಆದರೆ ಈ ಷರತ್ತನ್ನು ತೆಗೆದುಬಿಟ್ಟರೆ ಉಳಿಯುವುದು ಬಡ್ಡಿಯಿಲ್ಲದ ಸಾಲ ಮಾತ್ರ, ಪಾಲುದಾರಿಕೆಯಲ್ಲ. ಆ ಮೊತ್ತವನ್ನು ಕಳೆದುಕೊಂಡರೆ ಮನೆಯ ಖರ್ಚಿಗೆ ತೊಂದರೆಯಾಗುವಂತಿದ್ದರೆ ಸಂಕೋಚವಿಲ್ಲದೆ ಸಂತೆಯನ್ನೇ ಆರಿಸಿಕೊಳ್ಳಿ. ಅಲ್ಲಿ ಕೊಂಡರೂ ಬೆಳೆಗಾರರಿಗೆ ಆಗುವ ನೆರವು ಸಣ್ಣದಲ್ಲ.

ಇನ್ನೊಂದು ವ್ಯತ್ಯಾಸವನ್ನು ಗಮನಿಸದೆ ಹಣ ಕೊಡಬೇಡಿ. ಪಾಲು ಎಂಬ ಹೆಸರಿನಲ್ಲೇ ನಡೆಯುವ ಎಷ್ಟೋ ವ್ಯವಸ್ಥೆಗಳಲ್ಲಿ ತೋಟವೇ ಇರುವುದಿಲ್ಲ. ಸಂಸ್ಥೆಯೊಂದು ಹಲವು ಕಡೆಯಿಂದ, ಕೆಲವೊಮ್ಮೆ ಸಗಟು ಮಾರುಕಟ್ಟೆಯಿಂದಲೂ, ತರಕಾರಿ ಸಂಗ್ರಹಿಸಿ ಪೆಟ್ಟಿಗೆಯಲ್ಲಿ ತುಂಬಿ ಮನೆಬಾಗಿಲಿಗೆ ತಲುಪಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ, ಹಲವು ಸಣ್ಣ ಬೆಳೆಗಾರರು ಸೇರಿ ಒಂದೇ ಬುಟ್ಟಿ ತುಂಬಿಸುವ ಸಹಕಾರಿ ವ್ಯವಸ್ಥೆಗಳಂತೂ ಒಂಟಿ ತೋಟಕ್ಕಿಂತ ಭದ್ರವಾಗಿರಬಲ್ಲವು. ಆದರೆ ಅಂಥ ಕಡೆ ನಿಮ್ಮ ಮುಂಗಡ ಯಾರ ಬಿತ್ತನೆಗೂ ಒದಗದೇ ಇರಬಹುದು, ಮತ್ತು ಬೆಳೆಗಾರರಿಗೆ ಸಿಗುವ ಬೆಲೆ ಸಗಟು ದರವೇ ಆಗಿರಬಹುದು. ಈ ವಾರದ ಬುಟ್ಟಿಯಲ್ಲಿರುವ ಪ್ರತಿಯೊಂದು ಪದಾರ್ಥವನ್ನೂ ಯಾರು, ಎಲ್ಲಿ ಬೆಳೆದರು ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಬರಬೇಕು. ಹೊರಗಿನಿಂದ ತಂದದ್ದನ್ನು ಸೇರಿಸುತ್ತೇವೆ, ಇಂತಿಂಥವು ಎಂದು ಮೊದಲೇ ಹೇಳುವ ತೋಟ ನಂಬಿಕೆಗೆ ಅರ್ಹ; ಕೇಳಿದ ಮೇಲೂ ಹೇಳದ ತೋಟ ಅಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾನಾದರೆ ಮೊದಲು ಕೇಳುವುದು ಕಳೆದ ಹಂಗಾಮಿನ ವಾರವಾರದ ಬುಟ್ಟಿಗಳ ಪಟ್ಟಿಯನ್ನು. ಸುಂದರ ಚಿತ್ರಗಳಿಗಿಂತ ಈ ಪಟ್ಟಿ ಹೆಚ್ಚು ಹೇಳುತ್ತದೆ: ಯಾವ ವಾರ ಏನು ಬಂತು, ಯಾವ ತಿಂಗಳು ಬುಟ್ಟಿ ಹಗುರವಾಯಿತು, ಒಂದೇ ಸೊಪ್ಪು ಎಷ್ಟು ವಾರ ಬೆನ್ನುಬೆನ್ನಿಗೆ ಬಂತು. ಈ ಬೆಳೆಗಾರರು ಎಷ್ಟು ವರ್ಷಗಳಿಂದ ತರಕಾರಿ ಬೆಳೆಯುತ್ತಿದ್ದಾರೆ, ಪಾಲು ಕೊಡಲು ಶುರುಮಾಡಿ ಎಷ್ಟಾಯಿತು ಎಂದು ಬೇರೆಬೇರೆಯಾಗಿ ಕೇಳಿ. ಒಂದು ಬೆಳೆಯನ್ನು ಚೆನ್ನಾಗಿ ಬೆಳೆಯುವುದು ಒಂದು ವಿದ್ಯೆ, ಹಲವು ತಿಂಗಳ ಕಾಲ ಪ್ರತಿ ವಾರ ಹಲವು ಬಗೆಯವು ಹದವಾಗಿ ಕೊಯ್ಲಿಗೆ ಬರುವಂತೆ ಬಿತ್ತನೆಯನ್ನು ಹೊಂದಿಸುವುದು ಮತ್ತೊಂದು ವಿದ್ಯೆ; ಎರಡನೆಯದನ್ನು ಕಲಿಯಲು ಕೆಲವು ಹಂಗಾಮುಗಳೇ ಬೇಕು. ಕಳೆದ ವರ್ಷದ ಸದಸ್ಯರಲ್ಲಿ ಎಷ್ಟು ಮಂದಿ ಈ ವರ್ಷವೂ ಉಳಿದಿದ್ದಾರೆ ಎಂದು ಕೇಳಲು ಹಿಂಜರಿಯಬೇಡಿ. ಸಾಧ್ಯವಾದರೆ ಅವರಲ್ಲಿ ಇಬ್ಬರ ಜೊತೆ ಮಾತಾಡಿ. ಊರಿನಲ್ಲಿಲ್ಲದ ವಾರ ಬುಟ್ಟಿಯನ್ನು ಮುಂದೂಡಬಹುದೇ, ಬೇರೆಯವರು ಒಯ್ಯಬಹುದೇ, ಹಣವನ್ನು ಕಂತಿನಲ್ಲಿ ಕೊಡಬಹುದೇ, ಹೊಲದಲ್ಲಿ ದುಡಿದು ಪಾಲಿನ ಒಂದಂಶವನ್ನು ತೀರಿಸುವ ಅವಕಾಶವಿದೆಯೇ ಎಂಬ ವಿವರಗಳೂ ಬರಹದಲ್ಲಿರಲಿ. ಬೆಳೆ ಹೋದಾಗ ಏನಾಗುತ್ತದೆ ಎಂಬುದಂತೂ ಬರಹದಲ್ಲಿ ಇರಲೇಬೇಕು.

ಹೊಲ ನೋಡಲು ಬಿಡುವ ದಿನವಿದ್ದರೆ ತಪ್ಪದೆ ಹೋಗಿ. ಹೊಲ ಅಚ್ಚುಕಟ್ಟಾಗಿದೆಯೇ ಎಂಬುದಕ್ಕಿಂತ, ಕೊಯ್ದು ಮುಗಿದ ಮಡಿಯ ಪಕ್ಕದಲ್ಲಿ ಎಳೆಯ ಸಸಿಗಳಿರುವ ಮಡಿ ಇದೆಯೇ ಎಂದು ನೋಡಿ. ಈ ವಾರ ಕೊಯ್ಯುವ ಸೊಪ್ಪು, ಮೂರು ವಾರಗಳ ನಂತರ ಕೊಯ್ಯುವ ಸೊಪ್ಪು, ಇನ್ನೂ ಮೊಳಕೆಯಲ್ಲಿರುವ ಸೊಪ್ಪು, ಮೂರೂ ಒಂದೇ ಹೊಲದಲ್ಲಿ ಕಂಡರೆ ಹಂಗಾಮಿನ ಉದ್ದಕ್ಕೂ ಬುಟ್ಟಿ ತುಂಬುವ ಸಿದ್ಧತೆ ಇದೆಯೆಂದು ತಿಳಿಯಬಹುದು. ಕೊಯ್ದದ್ದನ್ನು ಎಲ್ಲಿಡುತ್ತಾರೆ ಎಂಬುದೂ ಅಷ್ಟೇ ಮುಖ್ಯ: ನೆರಳು, ಶುದ್ಧ ನೀರು ಮತ್ತು ತಂಪಿನ ವ್ಯವಸ್ಥೆ ಇಲ್ಲದಿದ್ದರೆ ಬೆಳಿಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನಕ್ಕೇ ಬಾಡಿರುತ್ತದೆ.

ಪಾಲು ಪಡೆದವರಲ್ಲಿ ಹಲವರು ಎರಡನೆಯ ವರ್ಷ ಬಿಟ್ಟುಬಿಡುವುದಕ್ಕೆ ತೋಟದ ಲೋಪಕ್ಕಿಂತ ಅಡುಗೆಮನೆಯ ಲೆಕ್ಕ ತಪ್ಪುವುದೇ ಹೆಚ್ಚಾಗಿ ಕಾರಣ. ಸಾಮಾನ್ಯವಾಗಿ ಹಂಗಾಮಿನ ಆರಂಭದ ಬುಟ್ಟಿಗಳಲ್ಲಿ ಬೇಗ ಬೆಳೆಯುವ ಸೊಪ್ಪುಗಳು ಮತ್ತು ಮೂಲಂಗಿ, ನಡುವಿನಲ್ಲಿ ಟೊಮೇಟೊ, ಬದನೆ, ಸೌತೆ, ಹುರುಳಿಕಾಯಿಯಂಥವು, ಕೊನೆಯಲ್ಲಿ ಕುಂಬಳ, ಗೆಡ್ಡೆಗೆಣಸುಗಳು ಬರುತ್ತವೆ. ಮೊದಲ ಮೂರು ವಾರ ಬರೀ ಸೊಪ್ಪು ನೋಡಿ ಬೇಸತ್ತು, ನಡುಹಂಗಾಮಿನ ರಾಶಿ ನೋಡಿ ಗಾಬರಿಯಾಗುವುದು ಹೊಸಬರಿಗೆ ಸಹಜ. ವಾರಕ್ಕೆ ನಾಲ್ಕೈದು ದಿನ ಮನೆಯಲ್ಲೇ ಅಡುಗೆ ಮಾಡುವವರಿಗೆ, ಇಂದು ಏನು ಮಾಡೋಣ ಎಂಬುದನ್ನು ಮನಸ್ಸಿಗಿಂತ ಬುಟ್ಟಿ ನೋಡಿ ನಿರ್ಧರಿಸುವವರಿಗೆ ಪಾಲು ಹೇಳಿ ಮಾಡಿಸಿದ್ದು. ಮೊದಲೇ ತಿನಿಸು ನಿರ್ಧರಿಸಿ ಆಮೇಲೆ ಸಾಮಾನು ತರುವ ರೂಢಿಯಿದ್ದರೆ, ಮನೆಯಲ್ಲಿ ಕೆಲವು ತರಕಾರಿಗಳನ್ನು ಮುಟ್ಟದವರಿದ್ದರೆ, ಪಾಲು ಭಾರವಾಗುತ್ತದೆ. ತಿನ್ನದೆ ಕೊಳೆತು ಹೋದ ತರಕಾರಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಅಗ್ಗವೆನಿಸಿದ ಪಾಲು ಅತ್ಯಂತ ದುಬಾರಿ ಖರೀದಿಯಾಗಿರುತ್ತದೆ. ನೀವು ಮೂವರೇ ಇರುವುದರಿಂದ ಅರ್ಧ ಪಾಲು, ಅಥವಾ ಹದಿನೈದು ದಿನಕ್ಕೊಮ್ಮೆ ಬರುವ ಪಾಲು ಸಾಕೆಂದು ನಾನು ಹೇಳುವುದು ಇದಕ್ಕಾಗಿಯೇ. ಅದಿಲ್ಲದ ತೋಟವಾದರೆ ಪರಿಚಿತರೊಬ್ಬರೊಂದಿಗೆ ಪೂರ್ತಿ ಪಾಲನ್ನು ಹಂಚಿಕೊಳ್ಳಬಹುದು. ಪ್ರತಿ ಬುಟ್ಟಿಯನ್ನೂ ಎರಡಾಗಿ ಬಿಡಿಸುವುದಕ್ಕಿಂತ ವಾರ ಬಿಟ್ಟು ವಾರ ಒಬ್ಬೊಬ್ಬರು ಒಯ್ಯುವುದು ಸುಲಭ.

ಬುಟ್ಟಿ ಮನೆಗೆ ಬಂದ ಮೊದಲ ಅರ್ಧ ಗಂಟೆಯ ಕೆಲಸ ಇಡೀ ವಾರವನ್ನು ಉಳಿಸುತ್ತದೆ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಗಳ ಎಲೆಯನ್ನು ಕೂಡಲೇ ಕತ್ತರಿಸಿ ಬೇರೆಯಿಡಿ; ಕಿತ್ತ ಮೇಲೂ ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ, ಆ ನೀರು ಗೆಡ್ಡೆಯಿಂದಲೇ ಹೋಗುತ್ತದೆ, ಎರಡು ದಿನದಲ್ಲಿ ಕ್ಯಾರೆಟ್ ಬಾಗುವಷ್ಟು ಮೆತ್ತಗಾಗುತ್ತದೆ. ಬೀಟ್‌ರೂಟಿನ ಎಲೆ ಸೊಪ್ಪಿನಂತೆಯೇ ಅಡುಗೆಗೆ ಬರುತ್ತದೆ, ಅದನ್ನು ಮೊದಲೆರಡು ದಿನಗಳಲ್ಲಿ ಬಳಸಿ. ಸೊಪ್ಪನ್ನು ತೊಳೆದಿಡುವುದಾದರೆ ನೀರು ಪೂರ್ತಿ ಹೋಗುವಂತೆ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಡಿ. ಎಲೆಗಳ ನಡುವೆ ನೀರು ನಿಂತರೆ ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಟೊಮೇಟೊವನ್ನು ಫ್ರಿಜ್ಜಿನಲ್ಲಿಡಬೇಡಿ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟ ಹಣ್ಣಿನಲ್ಲಿ ಪರಿಮಳ ಕೊಡುವ ಸಂಯುಕ್ತಗಳು ಬಹಳಷ್ಟು ಕುಗ್ಗಿದ್ದವು. ಮತ್ತೆ ಕೋಣೆಯ ಉಷ್ಣಾಂಶಕ್ಕೆ ತಂದರೂ ಅವು ಮೊದಲಿನ ಮಟ್ಟಕ್ಕೆ ಮರಳಲಿಲ್ಲ. ಆಲೂಗಡ್ಡೆಗೆ ಕತ್ತಲೆ ಬೇಕು, ಈರುಳ್ಳಿಗೆ ಗಾಳಿ ಬೇಕು, ಎರಡನ್ನೂ ಒಟ್ಟಿಗಿಡಬಾರದು. ಮಾಗುತ್ತಿರುವ ಬಾಳೆ, ಸೇಬು, ಟೊಮೇಟೊಗಳು ಹೊರಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುವುದರಿಂದ ಅವುಗಳನ್ನು ದೂರವಿಡಿ.

ಇನ್ನು ಸಂತೆಯ ವಿಷಯ. ಮಾರುವವರು ಬೆಳೆದವರೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಮೊದಲ ಹೊಣೆ ಸಂತೆ ನಡೆಸುವವರದು, ಕೊಳ್ಳುವವರದಲ್ಲ. ಬೆಳೆದದ್ದನ್ನು ಮಾತ್ರ ಮಾರಬೇಕೆಂಬ ಲಿಖಿತ ನಿಯಮ ಇದೆಯೇ, ಅದನ್ನು ಹೊಲಕ್ಕೆ ಹೋಗಿ ಪರಿಶೀಲಿಸುವವರು ಇದ್ದಾರೆಯೇ ಎಂದು ಸಂತೆಯ ವ್ಯವಸ್ಥಾಪಕರನ್ನು ಕೇಳಿ. 1976ರಲ್ಲಿ ಆರಂಭವಾದ ನ್ಯೂಯಾರ್ಕ್‌ನ ಗ್ರೀನ್‌ಮಾರ್ಕೆಟ್ ಸಂತೆಗಳಲ್ಲಿ ಈ ನಿಯಮವಿದೆ, ಹೊಲದ ತಪಾಸಣೆಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಮಾಣೀಕೃತ ಸಂತೆಗಳಲ್ಲಿ ಮಾರುವ ಪ್ರತಿಯೊಬ್ಬ ಬೆಳೆಗಾರರ ಬಳಿಯೂ ಅವರು ಏನೇನು ಬೆಳೆಯುತ್ತಾರೆ ಎಂಬ ವಿವರವುಳ್ಳ ಪ್ರಮಾಣಪತ್ರ ಇರಬೇಕು. ಪಟ್ಟಿಯಲ್ಲಿಲ್ಲದ ಬೆಳೆ ಮೇಜಿನ ಮೇಲಿದ್ದರೆ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನಲ್ಲಿ 1997ರಲ್ಲಿ ಬಾತ್ ನಗರದಿಂದ ಮೊದಲಾದ ಆಧುನಿಕ ರೈತ ಸಂತೆಗಳು ಇಂತಿಷ್ಟು ದೂರದೊಳಗೆ ಬೆಳೆದಿರಬೇಕು, ಬೆಳೆಯುವ ಕೆಲಸದಲ್ಲಿ ಪಾಲ್ಗೊಂಡವರೇ ಮಾರಬೇಕು ಎಂಬ ಕ್ರಮವನ್ನು ಬೆಳೆಸಿದವು. ಇಂಥ ನಿಯಮವೇ ಇಲ್ಲದ ಸಂತೆಯಲ್ಲಿ ಸಗಟು ಮಾರುಕಟ್ಟೆಯಿಂದ ತಂದು ಮಾರುವವರು ಬಂದು ಸೇರುತ್ತಾರೆ. ಅವರ ಬೆಲೆಯೊಂದಿಗೆ ಪೈಪೋಟಿ ನಡೆಸಲಾರದೆ ನಿಜವಾದ ಬೆಳೆಗಾರರು ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ. ಹೀಗೆ ಸೊರಗುವ ಸಂತೆಗಳ ಬಗ್ಗೆ ನನಗೆ ಬಹಳ ಬೇಸರವಿದೆ, ಏಕೆಂದರೆ ಒಮ್ಮೆ ಹೋದ ನಂಬಿಕೆಯನ್ನು ಅಂಥ ಜಾಗದಲ್ಲಿ ಮತ್ತೆ ಕಟ್ಟುವುದು ತೀರ ಕಷ್ಟ.

ನಿಮ್ಮ ಕಣ್ಣಿಗೇ ಕಾಣುವ ಗುರುತುಗಳೂ ಇವೆ. ಸೊಪ್ಪಿನ ಕಟ್ಟನ್ನು ತಿರುಗಿಸಿ ಕಾಂಡದ ತುದಿ ನೋಡಿ: ಅಂದೇ ಕೊಯ್ದದ್ದಾದರೆ ಕೊಯ್ದ ಜಾಗ ತಿಳಿಹಸಿರಾಗಿ ಹಸಿಯಾಗಿರುತ್ತದೆ, ಎರಡು ಮೂರು ದಿನವಾಗಿದ್ದರೆ ಕಂದಾಗಿ ಒಣಗಿ ಸ್ವಲ್ಪ ಒಳಕ್ಕೆ ಸೇದಿಕೊಂಡಿರುತ್ತದೆ, ಮೇಲೆ ನೀರು ಚಿಮುಕಿಸಿ ಎಲೆಗೆ ಜೀವ ತರಿಸಬಹುದೇ ಹೊರತು ಆ ತುದಿಯ ಬಣ್ಣವನ್ನು ಬದಲಿಸಲಾಗದು. ಹುರುಳಿಕಾಯಿ ಮುರಿದಾಗ ಟಕ್ಕೆಂದು ಸದ್ದು ಬರಬೇಕು. ಮೇಜಿನ ಮೇಲಿರುವ ಕಾಯಿಗಳೆಲ್ಲ ಒಂದೇ ಗಾತ್ರ, ಒಂದೇ ಬಣ್ಣವಾಗಿದ್ದರೆ ಅವು ಗಾತ್ರ, ಬಣ್ಣ ನೋಡಿ ವಿಂಗಡಿಸುವ ಸಗಟು ಕೇಂದ್ರ ದಾಟಿ ಬಂದಿರುವ ಸಾಧ್ಯತೆ ಹೆಚ್ಚು. ಸಣ್ಣ ತೋಟದ ಕೊಯ್ಲಿನಲ್ಲಿ ಚಿಕ್ಕದು ದೊಡ್ಡದು ಬೆರೆತೇ ಇರುತ್ತವೆ. ಹಂಗಾಮಲ್ಲದ ಹಣ್ಣು, ಆ ಹವೆಯಲ್ಲಿ ಬೆಳೆಯದ ಕಾಯಿ ಕಂಡರೆ ಕೇಳಿ. ಮಣ್ಣು ಮೆತ್ತಿದ್ದರೆ ತೋಟದ್ದೇ ಎಂದು ನಂಬುವವರಿದ್ದಾರೆ, ಅದು ಗುರುತಲ್ಲ; ಚೆನ್ನಾಗಿ ತೊಳೆದು ತರುವ ಬೆಳೆಗಾರರೂ ಬೇಕಾದಷ್ಟಿದ್ದಾರೆ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಮಾತು. ಇದು ಯಾವ ತಳಿ, ಯಾವಾಗ ಬಿತ್ತಿದಿರಿ, ಈ ಬಾರಿ ಯಾವ ರೋಗ ಕಾಡಿತು, ಇನ್ನೆಷ್ಟು ವಾರ ಬರುತ್ತದೆ, ಮುಂದಿನ ವಾರ ಏನು ತರುತ್ತೀರಿ ಎಂದು ವಿಚಾರಿಸಿ. ಬೆಳೆದವರು ಈ ಪ್ರಶ್ನೆಗಳಿಗೆ ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ತಂದು ಮಾರುವವರು ಎಲ್ಲವೂ ತಾಜಾ, ಎಲ್ಲವೂ ಸಾವಯವ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಬೆಳೆದವರ ಮನೆಯವರೋ ಕೆಲಸದವರೋ ಮಾರಲು ಕುಳಿತಿದ್ದು ಅವರಿಗೆ ಎಲ್ಲ ವಿವರ ಗೊತ್ತಿಲ್ಲದಿರಬಹುದು, ಆದ್ದರಿಂದ ಒಂದು ಉತ್ತರದ ಮೇಲೆ ತೀರ್ಪು ಕೊಡಬೇಡಿ. ಸಾವಯವ ಎಂಬ ಮಾತಿಗೆ ಪ್ರಮಾಣಪತ್ರವಿದೆಯೇ ಎಂದು ಕೇಳುವುದು ಸರಿ. ಆದರೆ ಪ್ರಮಾಣಪತ್ರದ ಖರ್ಚು ಮತ್ತು ದಾಖಲೆಗಳ ಕೆಲಸ ಸಣ್ಣ ಬೆಳೆಗಾರರಿಗೆ ಹೊರೆಯಾಗುವುದರಿಂದ, ಪತ್ರವಿಲ್ಲದವರನ್ನು ಕೂಡಲೇ ತಳ್ಳಿಹಾಕದೆ, ಕೀಟ ಬಂದಾಗ ಏನು ಸಿಂಪಡಿಸುತ್ತೀರಿ, ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯುತ್ತೀರಿ ಎಂದು ನೇರವಾಗಿ ಕೇಳಿ. ಹತ್ತಿರದಲ್ಲಿ ಬೆಳೆದದ್ದು ಎಂದಮಾತ್ರಕ್ಕೆ ಅದು ಸಾವಯವವಲ್ಲ. ಈ ಎರಡನ್ನು ಬೆರೆಸಿ ಮಾತಾಡುವ ರೂಢಿ ಗ್ರಾಹಕರನ್ನು ಬಹಳ ದಾರಿ ತಪ್ಪಿಸಿದೆ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂತೆ ತೆರೆದಾಗ ಆಯ್ಕೆ ಹೆಚ್ಚು, ಮುಚ್ಚುವಾಗ ದರ ಕಡಿಮೆ. ಒಂದು ಬೆಳೆಯ ಸುಗ್ಗಿಯಲ್ಲಿ ಕೊಂಡರೆ ರುಚಿಯೂ ಬೆಲೆಯೂ ಒಟ್ಟಿಗೆ ಒದಗುತ್ತವೆ. ಆಕಾರ ಕೆಟ್ಟ, ತುಸು ಪೆಟ್ಟು ತಿಂದ ಟೊಮೇಟೊವನ್ನು ಬೇಯಿಸಿ ಶೇಖರಿಸಿಡುವವರು ರಾಶಿಯಾಗಿ ಕೇಳಿ ಕೊಂಡರೆ ಇಬ್ಬರಿಗೂ ಲಾಭ. ನೇರ ಖರೀದಿಯಲ್ಲಿ ದರ ಅಂಗಡಿಗಿಂತ ಕಡಿಮೆ ಇರಲೇಬೇಕೆಂದು ನಿರೀಕ್ಷಿಸಬೇಡಿ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ ಅಲ್ಲಿನ ಗ್ರಾಹಕರು ದೇಶದೊಳಗೆ ಬೆಳೆದ ಆಹಾರಕ್ಕೆ ಕೊಡುವ ಒಂದು ಡಾಲರ್‌ನಲ್ಲಿ ಕೃಷಿಕರನ್ನು ತಲುಪುವುದು ಸುಮಾರು 15 ಸೆಂಟ್. ಉಳಿದದ್ದು ಸಂಸ್ಕರಣೆ, ಸಾಗಣೆ, ಮಾರಾಟ, ಹೋಟೆಲುಗಳ ಪಾಲು. ನೇರ ಮಾರಾಟದಲ್ಲಿ ಹಣದ ಬಹುಭಾಗ ಬೆಳೆಗಾರರ ಕೈ ಸೇರುತ್ತದೆ ನಿಜ, ಆದರೆ ಸಾಗಣೆ, ಪ್ಯಾಕಿಂಗ್, ಸಂತೆಯಲ್ಲಿ ಕಳೆಯುವ ಇಡೀ ದಿನ, ಇವೆಲ್ಲದರ ಖರ್ಚೂ ಅವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಅಲ್ಲಿ ಚೌಕಾಸಿಗಿಂತ ಪ್ರತಿ ವಾರ ತಪ್ಪದೆ ಹೋಗುವುದು ಇಬ್ಬರಿಗೂ ಹೆಚ್ಚು ಬೆಲೆಯುಳ್ಳದ್ದು. ಮಳೆ ಬಂದ ದಿನವೂ ಹೋಗಿ. ಬೆಳೆಗಾರರು ಅಂದೂ ಕೊಯ್ದಿರುತ್ತಾರೆ.

ಪರಿಸರದ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕು, ಏಕೆಂದರೆ ಇದರಲ್ಲಿ ಉತ್ಪ್ರೇಕ್ಷೆ ಬಹಳ ನಡೆದಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಅಮೆರಿಕದ ಮನೆಗಳ ಆಹಾರಕ್ಕೆ ಸಂಬಂಧಿಸಿದ ಹಸಿರುಮನೆ ಅನಿಲಗಳಲ್ಲಿ ಎಲ್ಲ ಹಂತಗಳ ಸಾಗಣೆಯ ಪಾಲು ಶೇ. 11, ಉತ್ಪಾದಕರಿಂದ ಅಂಗಡಿಗೆ ತಲುಪಿಸುವ ಕೊನೆಯ ಹಂತದ ಪಾಲು ಶೇ. 4 ಮಾತ್ರ. ಶೇ. 83ರಷ್ಟು ಬೆಳೆಯುವ ಹಂತದಲ್ಲೇ ಹೊಮ್ಮುತ್ತದೆ. ಅಂದರೆ ಏನನ್ನು ತಿನ್ನುತ್ತೇವೆ, ಅದನ್ನು ಹೇಗೆ ಬೆಳೆದಿದ್ದಾರೆ ಎಂಬುದು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಹೆಚ್ಚು ತೂಕದ್ದು. ಬೆಚ್ಚಗೆ ಕಾಯಿಸಿದ ಗಾಜಿನ ಮನೆಯಲ್ಲಿ ಹತ್ತಿರದಲ್ಲೇ ಬೆಳೆದ ಟೊಮೇಟೊಗಿಂತ, ದೂರದಲ್ಲಿ ಬಿಸಿಲಲ್ಲಿ ಬೆಳೆದು ಬಂದದ್ದಕ್ಕೆ ಕಡಿಮೆ ಇಂಧನ ತಗುಲಿರಬಹುದು. ಒಂದು ಕಟ್ಟು ಸೊಪ್ಪಿಗಾಗಿ ಕಾರಿನಲ್ಲಿ ದೂರದ ತೋಟಕ್ಕೆ ಹೋಗಿಬಂದರೆ ಪರಿಸರಕ್ಕೆ ಉಳಿತಾಯವೇನೂ ಇಲ್ಲ. ಹಂಗಾಮಿನದ್ದನ್ನು, ತೆರೆದ ಹೊಲದಲ್ಲಿ ಬೆಳೆದದ್ದನ್ನು, ನೀವು ಹೇಗೂ ಹೋಗುವ ದಾರಿಯಲ್ಲಿ ಪಡೆದರೆ ಮಾತ್ರ ಈ ವಾದಕ್ಕೆ ಬಲ ಬರುತ್ತದೆ.

ಆರೋಗ್ಯದ ವಿಷಯದಲ್ಲಿ ದೂರಕ್ಕಿಂತ ಕೊಯ್ಲಿನಿಂದ ಕಳೆದ ಸಮಯ ಮತ್ತು ಆ ಅವಧಿಯಲ್ಲಿದ್ದ ಉಷ್ಣಾಂಶ ಮುಖ್ಯ. ಕೊಯ್ದ ಮೇಲೂ ಎಲೆ, ಕಾಯಿಗಳು ಉಸಿರಾಡುತ್ತಲೇ ಇರುತ್ತವೆ, ತಮ್ಮೊಳಗಿನ ಸಕ್ಕರೆಯನ್ನು ಖರ್ಚುಮಾಡುತ್ತಿರುತ್ತವೆ. ಬೆಚ್ಚಗಿದ್ದಷ್ಟೂ ಈ ಖರ್ಚು ವೇಗವಾಗುತ್ತದೆ. ಸಿಹಿಜೋಳದ ಸಿಹಿ ಕೆಲವೇ ಗಂಟೆಗಳಲ್ಲಿ ಪಿಷ್ಟವಾಗತೊಡಗುವುದೂ ಪಾಲಕ್‌ನಂಥ ಸೊಪ್ಪಿನಲ್ಲಿ ವಿಟಮಿನ್ ಸಿ ದಿನದಿನಕ್ಕೆ ಇಳಿಯುವುದೂ ಹೀಗೆಯೇ. ಆಲೂಗಡ್ಡೆ, ಕುಂಬಳ, ಈರುಳ್ಳಿಗಳಿಗೆ ಇದರ ಚಿಂತೆಯಿಲ್ಲ. ಆದ್ದರಿಂದ ಹತ್ತಿರದ ತೋಟದಿಂದ ಕೊಳ್ಳುವ ಲಾಭ ಸೊಪ್ಪು, ಎಳೆಗಾಯಿ, ಮೃದುವಾದ ಹಣ್ಣುಗಳಲ್ಲಿ ಅತಿ ಹೆಚ್ಚು; ಆರಂಭದಲ್ಲಿ ಎಲ್ಲವನ್ನೂ ನೇರವಾಗಿ ಕೊಳ್ಳಲಾಗದಿದ್ದರೆ ಇವುಗಳಿಂದ ಶುರುಮಾಡಿ. ಇನ್ನೊಂದು ಲಾಭವನ್ನು ಜನ ಅಷ್ಟಾಗಿ ಗುರುತಿಸುವುದಿಲ್ಲ. ದೂರ ಸಾಗಬೇಕಾದ ಬೆಳೆಗೆ ಗಟ್ಟಿ ಸಿಪ್ಪೆಯ, ಹೆಚ್ಚು ದಿನ ಬಾಳುವ ತಳಿಗಳನ್ನೇ ಆರಿಸಿ, ಪೂರ್ತಿ ಹಣ್ಣಾಗುವ ಮೊದಲೇ ಕೊಯ್ಯಬೇಕಾಗುತ್ತದೆ. ಮರುದಿನವೇ ಮಾರುವ ಬೆಳೆಗಾರರಿಗೆ ಆ ಕಟ್ಟುಪಾಡಿಲ್ಲ, ರುಚಿಗಾಗಿಯೇ ತಳಿ ಆರಿಸಿ ಗಿಡದಲ್ಲೇ ಹಣ್ಣಾಗಲು ಬಿಡಬಹುದು. ನಾನು ನೇರ ಖರೀದಿಯ ಪರವಾಗಿ ಮಾತಾಡುವಾಗ ಮೊದಲು ಎತ್ತಿ ಹೇಳುವುದು ಇದನ್ನೇ.

ಸಂತೆಯಲ್ಲಿ ತರಕಾರಿಯಲ್ಲದೆ ಹಾಲು, ಮೊಟ್ಟೆ, ಮಾಂಸ, ಮನೆಯಲ್ಲಿ ತಯಾರಿಸಿದ ಪದಾರ್ಥಗಳೂ ಇರುತ್ತವೆ. ಇವುಗಳಲ್ಲಿ ಪರಿಚಯದ ವಿಶ್ವಾಸ ಸಾಲದು, ತಂಪಿನ ವ್ಯವಸ್ಥೆಯನ್ನು ಕಣ್ಣಾರೆ ನೋಡಿ. ಪಾಶ್ಚರೀಕರಿಸದ ಹಾಲನ್ನು ಕಾಯಿಸದೆ ಕುಡಿಯುವುದು, ವಿಶೇಷವಾಗಿ ಮಕ್ಕಳಿಗೂ ಗರ್ಭಿಣಿಯರಿಗೂ, ಅಪಾಯಕಾರಿ. ಹುಳಿಯಿಲ್ಲದ ತರಕಾರಿಯನ್ನು ಗಾಳಿಯಾಡದ ಬಾಟಲಿಯಲ್ಲಿ ಮುಚ್ಚಿಟ್ಟದ್ದನ್ನು ಹೇಗೆ ಸಂಸ್ಕರಿಸಿದ್ದಾರೆಂದು ತಿಳಿಯದೆ ಕೊಳ್ಳಬೇಡಿ, ಪಿಎಚ್ 4.6ಕ್ಕಿಂತ ಹೆಚ್ಚಿರುವ, ಅಂದರೆ ಹುಳಿ ಸಾಲದ, ಇಂಥ ಪದಾರ್ಥಗಳಲ್ಲಿ ಬಾಟುಲಿಸಂ ರೋಗ ತರುವ ವಿಷ ಉಂಟಾಗಬಲ್ಲದು, ಬಣ್ಣ ವಾಸನೆಗಳಿಂದ ಅದು ಯಾವಾಗಲೂ ತಿಳಿಯುವುದಿಲ್ಲ. ಹತ್ತಿರದ ತೋಟದ ಸೊಪ್ಪನ್ನೂ ಹರಿಯುವ ನೀರಿನಲ್ಲಿ ತೊಳೆಯಲೇಬೇಕು.

ನಿಮ್ಮ ಮನೆಗೆ ಇದನ್ನೆಲ್ಲ ಹೊಂದಿಸಿ ಹೇಳುವುದಾದರೆ, ಈ ಹಂಗಾಮಿನಲ್ಲಿ ವಾರಕ್ಕೊಮ್ಮೆ ಸಂತೆಗೆ ಹೋಗಿ, ಒಂದು ತಿಂಗಳ ಮಟ್ಟಿಗಾದರೂ ತಂದದ್ದೆಷ್ಟು, ತಿಂದದ್ದೆಷ್ಟು, ಎಸೆದದ್ದೆಷ್ಟು ಎಂದು ಬರೆದಿಡಿ. ಅದರಲ್ಲಿ ನಿಮ್ಮ ಪಾಲಿನ ಸರಿಯಾದ ಗಾತ್ರ ತಾನಾಗಿಯೇ ಗೊತ್ತಾಗುತ್ತದೆ. ಅಲ್ಲಿ ಪರಿಚಯವಾದ ಬೆಳೆಗಾರರಲ್ಲಿ ಯಾರು ಪಾಲು ಕೊಡುತ್ತಾರೆಂದು ವಿಚಾರಿಸಿ. ಮೇಜಿನ ಮೇಲೆ ಅವರ ಬೆಳೆಯ ಗುಣವನ್ನು ಹಲವು ವಾರ ನೋಡಿರುವುದರಿಂದ ನಿಮ್ಮ ನಿರ್ಧಾರಕ್ಕೆ ಗಟ್ಟಿ ನೆಲೆ ಇರುತ್ತದೆ. ಪಾಲಿನ ನೋಂದಣಿ ಬಿತ್ತನೆಗಿಂತ ಸಾಕಷ್ಟು ಮೊದಲೇ ನಡೆಯುತ್ತದೆ, ಒಳ್ಳೆಯ ತೋಟಗಳಲ್ಲಿ ಹಳೆಯ ಸದಸ್ಯರಿಗೆ ಆದ್ಯತೆ ಇರುವುದರಿಂದ ಜಾಗ ಬೇಗ ತುಂಬುತ್ತದೆ. ಈ ಹಂಗಾಮು ಮುಗಿಯುವ ಮೊದಲೇ ನಿಮ್ಮ ಹೆಸರನ್ನು ಕಾಯುವ ಪಟ್ಟಿಗೆ ಸೇರಿಸಲು ಹೇಳಿ. ಅರ್ಧ ಪಾಲಿನಿಂದ ಸೊಪ್ಪು, ನಿತ್ಯದ ತರಕಾರಿ ಬರಲಿ. ಹಣ್ಣು, ಈರುಳ್ಳಿ, ಆಲೂಗಡ್ಡೆ ಮತ್ತು ಆ ವಾರ ಬುಟ್ಟಿಯಲ್ಲಿ ಬಾರದದ್ದನ್ನು ಸಂತೆಯಿಂದಲೇ ತನ್ನಿ. ಮೊದಲ ವರ್ಷದ ಕೊನೆಗೆ, ನಿಮಗೆ ಯಾವುದು ಹೆಚ್ಚಾಯಿತು, ಯಾವುದು ಸಾಲಲಿಲ್ಲ ಎಂಬುದನ್ನು ಬೆಳೆಗಾರರಿಗೆ ಬರೆದು ತಿಳಿಸಿ. ಮುಂದಿನ ವರ್ಷದ ಬೀಜದ ಪಟ್ಟಿಯನ್ನು ಅವರು ಸಿದ್ಧಪಡಿಸುವುದು ಆ ಹೊತ್ತಿನಲ್ಲೇ.